ಔದಾರ್ಯ ಯಾರದು

ಭಾನುವಾರ, ಹನ್ನೆರಡನೆಯ ತಾರೀಕು
ಅಂಗಡಿಯಿಂದ, ಬೆಳಿಗ್ಗೆ

ಪ್ರೀತಿಯ ತಂಗಿ,

ನಿನಗೂ ಮಗಳಿಗೂ ಈ ಅಣ್ಣನ ಆಶೀರ್ವಾದ. ನಿನ್ನ ಮೂರು ಕಾಗದಗಳೂ ಕೈಸೇರಿದವು. ಮೂರಕ್ಕೂ ನಾನು ಉತ್ತರ ಬರೆಯಲಿಲ್ಲ. ಕಲ್ಲಿನ ಜೊತೆ ಇದ್ದೂ ಇದ್ದೂ ಅಣ್ಣನೂ ಕಲ್ಲಾದ ಅಂತ ಕಾಣುತ್ತೆ ಎಂದು ಮೂರನೆಯದರಲ್ಲಿ ಬೈದಿದ್ದೆಯಲ್ಲ, ಅದನ್ನು ನಿನ್ನ ಅತ್ತಿಗೆಗೆ ಓದಿ ಹೇಳಿದೆ. ಸರಿಯಾಗೇ ಬರೆದಿದ್ದಾಳೆ, ಇನ್ನೂ ಎರಡು ಸಾಲು ಸೇರಿಸಬಹುದಿತ್ತು ಎಂದಳು. ನೆಪ ಹೇಳುವುದಿಲ್ಲ. ತಡವಾದದ್ದು ನನ್ನದೇ ತಪ್ಪು.

ಅತ್ತಿಗೆಯ ಮಂಡಿನೋವು ಹಾಗೇ ಇದೆ. ಮೆಟ್ಟಿಲು ಹತ್ತಬೇಡಿ ಅಂದ ಡಾಕ್ಟರೇ ತಮ್ಮ ದವಾಖಾನೆಯನ್ನು ಎರಡನೆಯ ಮಹಡಿಯಲ್ಲಿ ಇಟ್ಟುಕೊಂಡಿದ್ದಾರೆ, ಏನು ಹೇಳೋಣ. ನಿನ್ನನ್ನು ಹೊಲಿಗೆಯಿಂದ ಬಟ್ಟೆ ಕತ್ತರಿಸುವ ಮೇಜಿಗೆ ಹಾಕಿದ್ದಾರೆ ಎಂದು ಓದಿ ಹಿಗ್ಗಿದೆ. ಅಣ್ಣ ಕಲ್ಲು ಕತ್ತರಿಸುತ್ತಾನೆ, ತಂಗಿ ಬಟ್ಟೆ. ತಪ್ಪಾದರೆ ನಿನಗೆ ತೇಪೆ ಹಾಕುವುದಕ್ಕಾದರೂ ಆಗುತ್ತದೆ. ನನಗೆ ಅದೂ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮಗಳು ಶಾಲೆಗೆ ಹೋದ ಮೇಲೆ, ಕೂತುಕೊಂಡು ಓದು.

ಹೋದ ತಿಂಗಳು ಕೋಲ್ಡ್ ಸ್ಟೋರೇಜಿನ ಗುಮಾಸ್ತ ಅಂಗಡಿಗೆ ಬಂದಿದ್ದ. ಭಾವ ಹದಿನಾರು ವರ್ಷ ದುಡಿದ ಅದೇ ಕೋಲ್ಡ್ ಸ್ಟೋರೇಜು. ಕೆಲಸಗಾರರು ಊಟಕ್ಕೆ ಕೂರಲು ಗೇಟಿನ ಒಳಗೆ ಒಂದು ಕೋಣೆ ಕಟ್ಟಿಸಿದ್ದಾರಂತೆ. ಅದರ ಬಾಗಿಲ ಪಕ್ಕಕ್ಕೆ ಕಲ್ಲು ಬೇಕಂತೆ. ನಾನು ಯಾರು ಏನು ಎಂದು ಅವನಿಗೆ ಗೊತ್ತಿರಲಿಲ್ಲ. ಕೆತ್ತಬೇಕಾದ ಬರಹದ ಚೀಟಿಯನ್ನು ಮೇಜಿನ ಮೇಲಿಟ್ಟು, ಹಾರಿಹೋಗದಿರಲಿ ಎಂದು ನನ್ನದೇ ಸುತ್ತಿಗೆಯನ್ನು ಅದರ ಮೇಲೆ ಹೇರಿ ಹೋದ. ಚೀಟಿಯಲ್ಲಿ ಇದ್ದದ್ದು ಇಷ್ಟು: "ಸಂಸ್ಥೆಯ ಔದಾರ್ಯದಿಂದ ನಿರ್ಮಾಣವಾದ ಈ ಕೊಠಡಿಯನ್ನು, ಆಕಸ್ಮಿಕ ಅವಘಡದಲ್ಲಿ ಮೃತರಾದ ನೌಕರರೊಬ್ಬರ ನೆನಪಿಗೆ ಅರ್ಪಿಸಲಾಗಿದೆ."

ನೌಕರರೊಬ್ಬರು. ಭಾವನ ಹೆಸರು ಕೂಡ ಇಲ್ಲ.

ನಿನ್ನ ಹತ್ತಿರ ಮುಚ್ಚಿಡುವುದೇಕೆ, ಆ ಚೀಟಿಯನ್ನು ನಾನು ಆಗಲೇ ಹರಿದು ಎಸೆಯಲಿಲ್ಲ. ನಲವತ್ತು ವರ್ಷದ ಅಭ್ಯಾಸ, ಬರೆದುಕೊಟ್ಟದ್ದನ್ನು ಕೆತ್ತುವುದು. ಕಲ್ಲನ್ನು ಉಜ್ಜಿ, ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಸಂಸ್ಥೆಯ" ಅನ್ನುವುದನ್ನು ಕೆತ್ತಿ ಮುಗಿಸಿದೆ. ಆಮೇಲೆ ಔ ಬಂತು. ನಮ್ಮ ಅಕ್ಷರಗಳೆಲ್ಲ ದುಂಡು, ಉಳಿಗೆ ಬೇಕಾದದ್ದು ನೇರ ಗೆರೆ, ಹಾಗಾಗಿ ಔ ಎಂದರೆ ನಮ್ಮ ಕಸುಬಿನವರಿಗೆ ಮೊದಲಿನಿಂದಲೂ ಸ್ವಲ್ಪ ಅಂಜಿಕೆ. ಆದರೂ ಈ ಪದವನ್ನು ನಾನು ಎಷ್ಟು ಕಡೆ ಕೆತ್ತಿಲ್ಲ. ನಲ್ಲಿಯ ಕಟ್ಟೆಗೆ, ಶಾಲೆಯ ಬೆಂಚಿಗೆ, ಆಸ್ಪತ್ರೆಯ ಗೋಡೆಗೆ. ಇಂಥವರ ಔದಾರ್ಯದಿಂದ, ಅಂಥವರ ಔದಾರ್ಯದಿಂದ. ಕೆತ್ತಿ ಕೆತ್ತಿ ಅದು ನನ್ನ ಪಾಲಿಗೆ ಮೂರು ಅಕ್ಷರ, ಒಂದು ಅರ್ಕಾವತ್ತು, ಅಷ್ಟೇ ಆಗಿಬಿಟ್ಟಿತ್ತು. ಅವತ್ತು ಉಳಿ ಇಟ್ಟವನಿಗೆ ಸುತ್ತಿಗೆ ಎತ್ತಲು ಆಗಲಿಲ್ಲ. ಈ ಪದದ ಅರ್ಥ ನನಗೆ ಗೊತ್ತೇ ಇಲ್ಲವಲ್ಲ ಎನ್ನಿಸಿತು.

ನಮ್ಮ ಮೇಷ್ಟ್ರು ನೆನಪಿದ್ದಾರಲ್ಲ, ನಿನಗೂ ವ್ಯಾಕರಣ ಹೇಳಿದವರು. ಈಗ ಒಂದು ಕಿವಿ ಪೂರ್ತಿ ಕೇಳಿಸುವುದಿಲ್ಲ. ನಾನು ಕಲ್ಲಿನ ಮೇಲೆ ಬರೆದದ್ದನ್ನು ಕೆತ್ತುವ ಮೊದಲು ಅವರು ಒಂದು ಸಲ ಬಂದು ನೋಡಿ ಹೋಗುತ್ತಾರೆ. ಕಾಗದದ ಮೇಲಿನ ತಪ್ಪು ಸಾಯುತ್ತೆ ಕಣಯ್ಯ, ಕಲ್ಲಿನ ಮೇಲಿನ ತಪ್ಪು ನಮ್ಮನ್ನು ಹೂಳುತ್ತೆ ಎನ್ನುತ್ತಾರೆ. ಅವರ ಮನೆಗೇ ಹೋಗಿ, ಕೇಳಿಸುವ ಕಿವಿಯ ಕಡೆ ಕೂತು, ಔದಾರ್ಯ ಅಂದರೇನು ಎಂದು ಕೇಳಿದೆ. ಮೊದಲು ನಕ್ಕರು. ಚೀಟಿ ತೋರಿಸಿದ ಮೇಲೆ ಕನ್ನಡಕ ತೆಗೆದು ಒರೆಸುತ್ತಾ ಕೂತರು.

ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಉದಾರ ಎನ್ನುವ ಮಾತಿನ ಬೇರಿನಲ್ಲಿ ಕೊಡುವುದು ಇಲ್ಲವಂತೆ. ಅಲ್ಲಿರುವುದು ಮೇಲಕ್ಕೆ ಏಳುವುದು, ಎತ್ತರ. ಕೊಡುವುದು ಆಮೇಲೆ ಬಂದು ಸೇರಿಕೊಂಡದ್ದು. ಇದ್ದವನು ಇದ್ದದ್ದರಲ್ಲಿ ಬೊಗಸೆ ತುಂಬ ಕೊಟ್ಟರೆ ಧಾರಾಳಿ ಎಂದರೆ ಸಾಕು, ಅದೂ ಒಳ್ಳೆಯ ಮಾತೇ. ತನಗೇ ಬೇಕಾದದ್ದನ್ನು, ಯಾರೂ ಕೇಳದೆ, ಯಾರೂ ನೋಡದೆ ಇದ್ದಾಗಲೂ ಕೊಟ್ಟನಲ್ಲ, ಅಂಥವನಿಗೆ ಈ ದೊಡ್ಡ ಪದವನ್ನು ತೆಗೆದಿಡಬೇಕು ಎಂದರು. ಆಮೇಲೆ ಮೇಷ್ಟರಾಗಿಯೇ ಒಂದು ಮಾತು ಹೇಳಿದರು. ಅದನ್ನು ಮಾತ್ರ ಅವರ ಬಾಯಲ್ಲೇ ಕೇಳು.

"ನಾನು ಅನ್ನೋದನ್ನ ವ್ಯಾಕರಣದಲ್ಲಿ ಉತ್ತಮ ಪುರುಷ ಅಂತೀವಿ. ಆದರೆ ಔದಾರ್ಯದ ಪಕ್ಕಕ್ಕೆ ನಾನು ಬಂದು ಕೂತ್ರೆ ಅವನು ಉತ್ತಮನಾಗಿ ಉಳಿಯಲ್ಲ. ಅದು ಇನ್ನೊಬ್ಬರ ಬಾಯಲ್ಲಿ ಬರಬೇಕಾದ ಮಾತು. ಇವರೇ ತಮ್ಮ ಬಗ್ಗೆ ಬರೆದುಕೊಂಡು, ನಿನ್ನ ಕೈಲಿ ಕೆತ್ತಿಸ್ತಾ ಇದ್ದಾರೆ."

ಮರುದಿನವೇ ಕೋಲ್ಡ್ ಸ್ಟೋರೇಜಿಗೆ ಹೋದೆ. ನೀನು ಆ ಬೀದಿಗೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿದ್ದೀಯ, ನನಗೂ ಹನ್ನೊಂದು ತಿಂಗಳಲ್ಲಿ ಅದೇ ಮೊದಲು. ಮ್ಯಾನೇಜರು ಕೂರಿಸಿ ನೀರು ಕೊಟ್ಟರು. ಸತ್ತವರು ನನ್ನ ತಂಗಿಯ ಗಂಡ ಎಂದು ಹೇಳಿದೆ. ಅವರ ಮುಖ ಸ್ವಲ್ಪ ಬಿಳುಪೇರಿತು, ಅಷ್ಟೇ, ಮಾತು ನಯವಾಗಿಯೇ ಇತ್ತು. ಕಲ್ಲಿನ ಮೇಲೆ ಹೆಸರು ಬರಬೇಕು, ಆ ಪದ ಸಂಸ್ಥೆಯ ಪಕ್ಕದಿಂದ ಏಳಬೇಕು ಎಂದೆ. ಹೆಸರು ಹಾಕಿದರೆ ನಾಳೆ ಬೇರೆ ಬೇರೆ ಪ್ರಶ್ನೆಗಳು ಬರುತ್ತವೆ ಎಂದರು. ಎಂಥ ಪ್ರಶ್ನೆಗಳು ಎಂದು ಕೇಳಿದೆ. ಅವರು ಎದ್ದು ನಿಂತು, "ಯಜಮಾನರೇ, ನಿಮ್ಮ ಕೆಲಸ ಕೆತ್ತೋದು. ತಿದ್ದೋದಲ್ಲ" ಎಂದರು.

ಆ ಮಾತಿಗೆ ನಾನು ಅವರಿಗೆ ಋಣಿ. ಅದುವರೆಗೆ ನನಗೆ ಸಿಟ್ಟಿತ್ತು, ಗುರಿ ಇರಲಿಲ್ಲ. ಗೇಟು ದಾಟುವಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು. ಅವತ್ತು ನಿಜವಾಗಿ ಏನಾಯಿತು ಎಂದು ತಿಳಿಯದೆ ಆ ಕಲ್ಲಿನ ಹತ್ತಿರ ಹೋಗುವುದಿಲ್ಲ ಎಂದುಕೊಂಡೆ.

ನಮಗೆ ಹೇಳಿದ್ದೇನು? ಅಮೋನಿಯಾ ಸೋರಿತು, ಎಲ್ಲರೂ ಓಡಿದರು, ಭಾವ ನಿಧಾನ, ಓಡಲಾಗದೆ ಸಿಕ್ಕಿಬಿದ್ದರು. ಭಾವನನ್ನು ಅಲ್ಲಿ ಎಲ್ಲರೂ ನಿಧಾನಪ್ಪ ಎಂದೇ ಕರೆಯುತ್ತಿದ್ದರಲ್ಲ, ಹಾಗಾಗಿ ನಾವೂ ನಂಬಿದೆವು. ಊಟಕ್ಕೆ ಕರೆದರೆ ಕೈತೊಳೆದು ಬರುವಷ್ಟರಲ್ಲಿ ಸಾರು ಆರುತ್ತಿತ್ತು ಎಂದು ನೀನೇ ಎಷ್ಟು ಸಲ ನಗಾಡಿಲ್ಲ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅದರಲ್ಲಿ ನಾಲ್ಕು "ನಿಧಾನ, ನಿಧಾನ."

ಒಳಗೆ ಸಿಕ್ಕಿಕೊಂಡು ಬದುಕಿದವರು ಮೂವರು ಎಂಬುದು ಮಾತ್ರ ನನಗೆ ಗೊತ್ತಿತ್ತು. ಪೆಟ್ಟಿಗೆ ಜೋಡಿಸುವ ಇಬ್ಬರು, ಹಣ್ಣು ಆರಿಸುವ ಒಬ್ಬಳು ಹೆಂಗಸು. ಆ ಹೆಂಗಸನ್ನು ಅಲ್ಲಿ ದೊಡ್ಡಕ್ಕ ಎನ್ನುತ್ತಾರೆ. ಅವಳ ಮನೆ ಹುಡುಕಿಕೊಂಡು ಹೋದೆ. ಒಂದೇ ಕೋಣೆಯ ಮನೆ, ಕಿಟಕಿ ಯಾವಾಗಲೂ ತೆರೆದೇ ಇರುತ್ತದೆ, ಮುಚ್ಚಿದರೆ ಅವಳಿಗೆ ಉಸಿರು ಕಟ್ಟುತ್ತದಂತೆ. ನಾನು ಯಾರೆಂದು ಹೇಳಿದ ಕೂಡಲೇ ಅವಳು ಒಳಗೆ ಕರೆದು ಚಾಪೆ ಹಾಸಿದಳು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಎಂದು ಮೂವರಿಗೂ ಹೇಳಿದ್ದರಂತೆ. ನೀನು ಈ ಊರು ಬಿಡುವ ಮೊದಲು ನಿನ್ನ ಮನೆಯ ತನಕ ಎರಡು ಸಲ ಬಂದು, ಬೀದಿ ತಿರುವಿನಿಂದ ವಾಪಸ್ಸು ಹೋಗಿದ್ದಳಂತೆ.

ತಂಗಿ, ಅವಳು ಹೇಳಿದ್ದು ಇದು.

ಕೊಳವೆ ಒಡೆದಾಗ ಭಾವ ಒಳಗೆ ಇರಲೇ ಇಲ್ಲ. ಹೊರಗಿನ ಜಗಲಿಯಲ್ಲಿ ಇದ್ದರು. ಎಲ್ಲರ ಜೊತೆ ಗೇಟಿನ ತನಕ ಓಡಿದ್ದರು ಕೂಡ. ಅಲ್ಲಿ ನಿಂತು ಮುಖಗಳನ್ನು ನೋಡಿದರು, ಮೂರು ಕಡಿಮೆ ಇತ್ತು. ವಾಪಸ್ಸು ಹೋದರು. ಹಣ್ಣು ಇಡುವ ಆ ತಣ್ಣನೆಯ ಕೋಣೆಯ ಬಾಗಿಲು ಗೇಣುದ್ದ ದಪ್ಪ, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗಿನಿಂದ ತೆರೆಯುವ ಹಿಡಿ ಮುರಿದಿತ್ತು. ಒತ್ತು ಕೊಡಲು ಇಡುತ್ತಿದ್ದ ಮರದ ತುಂಡನ್ನು, ಚಳಿ ಹೊರಗೆ ಹೋಗುತ್ತದೆ ಎಂದು ಮ್ಯಾನೇಜರು ತೆಗೆಸಿದ್ದರು. ಕರೆಂಟು ಹೋಗಿ ಒಳಗೆ ಕಗ್ಗತ್ತಲೆ. ಭಾವ ಬಾಗಿಲನ್ನು ಎಳೆದು, ಬೆನ್ನು ಕೊಟ್ಟು ನಿಂತರು. ಒಳಗೆ ಹೋದರೆ ಬಾಗಿಲು ಮುಚ್ಚುತ್ತದೆ, ನಾಲ್ವರ ಜೀವವೂ ಹೋಗುತ್ತದೆ. ಬಾಗಿಲು ಹಿಡಿದು ಸುಮ್ಮನೆ ನಿಂತರೆ ಒಳಗಿನವರಿಗೆ ದಾರಿ ಯಾವ ಕಡೆ ಎಂದು ತಿಳಿಯುವುದಿಲ್ಲ, ಕಣ್ಣು ಬಿಡಲಾಗದ ಹಾಗೆ ಉರಿ. ಅದಕ್ಕೆ ಅವರು ಕೂಗಿದರು.

"ನಾವು ಮೂಗು ಬಾಯಿ ಮುಚ್ಕೊಂಡು ತೆವಳ್ತಿದ್ವಿ ಅಣ್ಣ," ಎಂದಳು ದೊಡ್ಡಕ್ಕ. "ಅವರು ಬಾಯಿ ಮುಚ್ಚಲೇ ಇಲ್ಲ. ಇಲ್ಲಿದೀನಿ, ಈ ಕಡೆ, ನಿಧಾನ, ಗೋಡೆ ಹಿಡ್ಕೊಂಡು ಬನ್ನಿ ಅಂತ ಕೂಗ್ತಾನೇ ಇದ್ದರು. ಒಂದೊಂದು ಸಲ ಕೂಗಬೇಕಾದರೂ ಆ ಗಾಳೀನ ಒಳಗೆ ಎಳ್ಕೋಬೇಕಲ್ಲ. ಅದು ಅವರಿಗೆ ಗೊತ್ತಿಲ್ದೆ ಇರುತ್ತಾ? ನಾನೇ ಕೊನೆಯವಳು. ನನ್ನ ಕೈಗೆ ಅವರ ಕಾಲು ಸಿಕ್ತು. ಆಗಲೂ ಕೂಗ್ತಿದ್ದರು, ದನಿ ಹೊರಡ್ತಿರಲಿಲ್ಲ."

ಹದಿನಾರು ವರ್ಷದಲ್ಲಿ ಅವರು ಅಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲವಂತೆ.

ನಾನು ಅಲ್ಲಿಂದ ಎದ್ದು ಎಷ್ಟು ದೂರ ನಡೆದೆನೋ ಗೊತ್ತಿಲ್ಲ. ಅಂಗಡಿಗೆ ಬಂದಾಗ ಆ ಕಲ್ಲಿನ ಮೇಲೆ ನೀಲಿ ಗೆರೆಯ ಔ ಇನ್ನೂ ಹಾಗೇ ಇತ್ತು. ಆ ಪದ ಬೇಡ ಎಂದು ಹೊರಟಿದ್ದವನು ನಾನು. ಆ ಪದವೇ ಬೇಕು ಎಂದು ಈಗ ಗೊತ್ತಾಯಿತು. ತಪ್ಪು ಪದದಲ್ಲಿ ಇರಲಿಲ್ಲ, ಯಾರ ಪಕ್ಕದಲ್ಲಿ ಕೂರಿಸಿದ್ದರು ಎನ್ನುವುದರಲ್ಲಿ ಇತ್ತು.

ಸಂಸ್ಥೆಯ ಕಲ್ಲನ್ನು ಸಂಸ್ಥೆಗೇ ವಾಪಸ್ಸು ಕಳಿಸಿದೆ. ಅದರ ಮೇಲೆ "ಸಂಸ್ಥೆಯ" ಎಂದು ಮಾತ್ರ ಕೆತ್ತಿತ್ತು, ಅವರದು ಎಷ್ಟೋ ಅಷ್ಟು. ನನ್ನ ಹಿತ್ತಲಲ್ಲಿ ಒಂದು ಕಪ್ಪು ಕಲ್ಲು ಆರು ವರ್ಷದಿಂದ ಬಿದ್ದಿತ್ತು, ಒಳ್ಳೆಯ ಕೆಲಸಕ್ಕೆ ಇರಲಿ ಎಂದು ಯಾರಿಗೂ ಕೊಟ್ಟಿರಲಿಲ್ಲ. ಅದನ್ನು ಎತ್ತಿಸಿಕೊಂಡೆ. ಮೇಷ್ಟ್ರು ಮೂರು ದಿನ ಅಂಗಡಿಯಲ್ಲೇ ಕೂತು ಸಾಲು ತಿದ್ದಿದರು. ನಾನು ಬರೆದದ್ದರಲ್ಲಿ ಹನ್ನೊಂದು ವಿಶೇಷಣ ಹೊಡೆದುಹಾಕಿದರು. ವೀರ, ಧೀರ, ಅಮರ ಎಲ್ಲ ಹೋದವು. ನಡೆದದ್ದನ್ನು ಬರಿ, ಕೊನೆಗೆ ಒಂದೇ ಪದ ಇಡು, ಅದು ತಾನಾಗಿ ನಿಲ್ಲುತ್ತೆ ಎಂದರು.

ಆದರೆ ಕಲ್ಲೊಂದೇ ಸಾಲದು ಎಂದವಳು ದೊಡ್ಡಕ್ಕ. ಆ ಹಿಡಿಗಳು ಈಗಲೂ ಮುರಿದೇ ಇವೆ, ದಿನಾ ಅದೇ ಕೋಣೆಗೆ ಹೋಗಿ ಬರ್ತೀವಿ, ಅವರ ಹೆಸರು ಗೋಡೆ ಮೇಲಿದ್ದು ನಾವು ಒಳಗೆ ಸತ್ತರೆ ಆ ಕಲ್ಲಿಗೆ ಏನು ಮರ್ಯಾದೆ ಎಂದು ಕೇಳಿದಳು. ಅವಳ ಮಾತು ನನಗೂ ಮೇಷ್ಟರಿಗೂ ಹೊಳೆದಿರಲಿಲ್ಲ. ಬದುಕಿದ ಇನ್ನಿಬ್ಬರನ್ನು ಅವಳೇ ಹೋಗಿ ಒಪ್ಪಿಸಿದಳು. ಒಬ್ಬ ಬೇಗ ಒಪ್ಪಿದ. ಇನ್ನೊಬ್ಬನಿಗೆ ಒಂದು ಕಣ್ಣು ಮಸುಕಾಗಿದೆ, ಮನೆಯಲ್ಲಿ ಚಿಕ್ಕ ಮಕ್ಕಳು, ಅವನು ಎರಡು ವಾರ ತಪ್ಪಿಸಿಕೊಂಡು ಓಡಾಡಿ ಕೊನೆಗೆ ಒಂದು ಬೆಳಿಗ್ಗೆ ತಾನೇ ನನ್ನ ಅಂಗಡಿಗೆ ಬಂದು, ಎಲ್ಲಿ ರುಜು ಹಾಕಬೇಕು ಎಂದು ಕೇಳಿದ. ಮೂವರೂ ಕಾರ್ಖಾನೆ ಇನ್ಸ್‌ಪೆಕ್ಟರಿಗೆ ಅರ್ಜಿ ಕೊಟ್ಟರು.

ಅರ್ಜಿ ಕೊಟ್ಟ ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೆ, ಹಿಡಿ ಸರಿಯಾಗುವ ತನಕ ಒಳಗೆ ಕಾಲಿಡುವುದಿಲ್ಲ ಎಂದು ಅರವತ್ತು ಜನ ಗೇಟಿನ ಹೊರಗೆ ನಿಂತರು. ನಾನೂ ಹೋಗಿ ನಿಂತೆ. ಯಾರೂ ಘೋಷಣೆ ಕೂಗಲಿಲ್ಲ. ಮ್ಯಾನೇಜರು ಬಂದು ಒಬ್ಬೊಬ್ಬರ ಹೆಸರು ಹಿಡಿದು ಕರೆದರು, ಬೆದರಿಸಿದರು, ಆಮೇಲೆ ಸಮಾಧಾನ ಹೇಳಿದರು. ದೊಡ್ಡಕ್ಕ ಮುಂದೆ ಬಂದು, "ನಾವು ನಿಧಾನವಾಗಿ ಬರ್ತೀವಿ ಸಾರ್, ನೀವು ಮೊದಲು ಹಿಡಿ ಹಾಕ್ಸಿ" ಎಂದಳು. ಅಷ್ಟು ಹೊತ್ತು ಬಿಗಿದುಕೊಂಡು ನಿಂತಿದ್ದವರೆಲ್ಲ ನಕ್ಕುಬಿಟ್ಟರು. ಅದಾದ ಮೇಲೆ ಅವರನ್ನು ಅಲುಗಿಸಲು ಯಾರಿಂದಲೂ ಆಗಲಿಲ್ಲ.

ಹನ್ನೆರಡರ ಹೊತ್ತಿಗೆ ಇನ್ಸ್‌ಪೆಕ್ಟರು ಬಂದರು. ಹಿಡಿ ಮುರಿದದ್ದು ಅವತ್ತೇ, ಗಾಬರಿಯಲ್ಲಿ ಒಳಗಿನವರೇ ಎಳೆದಾಡಿ ಮುರಿದರು ಎಂದು ಮ್ಯಾನೇಜರು ವಾದ ಮಾಡಿದರು. ಕೆಲಸಗಾರರ ಮಾತು ಒಂದು, ಅವರ ಮಾತು ಒಂದು. ಇನ್ಸ್‌ಪೆಕ್ಟರು ಯಾರನ್ನೂ ನಂಬದ ಮನುಷ್ಯ. ಕೊನೆಗೆ ಹೊರಗಿನವರೊಬ್ಬರ ಹೇಳಿಕೆ ಸಿಕ್ಕಿತು, ಅವಘಡಕ್ಕೆ ಮೊದಲೇ ಹಿಡಿ ಮುರಿದಿತ್ತು ಎಂದು. ಅದರಿಂದ ಮ್ಯಾನೇಜರ ವಾದ ನಿಲ್ಲಲಿಲ್ಲ. ಈಗ ಹಣ್ಣು ಇಡುವ ನಾಲ್ಕೂ ಕೋಣೆಗಳಿಗೆ ಒಳಗಿನಿಂದ ಹೊಸ ಹಿಡಿ ಬಂದಿದೆ, ಬಾಗಿಲಿಗೆ ಮರದ ತುಂಡು ಬಂದಿದೆ. ಅವಘಡದ ವಿಚಾರಣೆ ಮತ್ತೆ ಶುರುವಾಗುತ್ತದಂತೆ. ನಿನಗೂ ಕಾಗದ ಬರಬಹುದು, ಹೆದರಬೇಡ. ದೊಡ್ಡಕ್ಕನಿಗೆ ಕೆಲಸ ಹೋಗಿಲ್ಲ, ಆದರೆ ಮ್ಯಾನೇಜರು ಅವಳ ಮುಖ ನೋಡುವುದಿಲ್ಲ. ಅದು ಸಂಬಳದ ಮೇಲೆ ಸಿಕ್ಕ ಲಾಭ ಎನ್ನುತ್ತಾಳೆ.

ಕಲ್ಲನ್ನು ಒಳಗೆ ಇಡಲು ಅವರು ಬಿಡಲಿಲ್ಲ. ಬೇರೆ ಯಾರೋ ಯಂತ್ರದಲ್ಲಿ ಕೊರೆದುಕೊಟ್ಟ ಅವರ ಬರಹ ಆ ಕೊಠಡಿಯ ಪಕ್ಕ ಇದೆ, ಔದಾರ್ಯ ಸಂಸ್ಥೆಯ ಹೆಸರಿನಲ್ಲೇ ಇದೆ. ಇರಲಿ. ನಮ್ಮ ಕಲ್ಲು ಗೇಟಿಗೆ ನೇರ ಎದುರಿಗೆ, ಸೈಕಲ್ ರಿಪೇರಿಯವನ ಗೋಡೆಯಲ್ಲಿದೆ. ಜಾಗ ಕೇಳಲು ಹೋದಾಗ ಅವನು ಪಂಕ್ಚರ್ ಹಾಕುತ್ತಾ ತಲೆಯನ್ನೂ ಎತ್ತದೆ, "ಹಾಕಿ, ಗೋಡೆನೂ ಬೀಳೋ ಹಾಗಿದೆ, ಅದಕ್ಕೂ ಒಂದು ಆಸರೆ ಆಗುತ್ತೆ" ಎಂದ. ಆಮೇಲೆ ನೋಡಿದರೆ ಅವನೇ ಗಾರೆ ಕಲಸಿ ಇಟ್ಟಿದ್ದ.

ನಿನ್ನೆ ಬೆಳಿಗ್ಗೆ ಕೂರಿಸಿದೆವು. ಮೇಲೆ ಭಾವನ ಪೂರ್ತಿ ಹೆಸರು. ಅದರ ಕೆಳಗೆ ಇಷ್ಟು: "ಎದುರಿನ ಶೈತ್ಯಾಗಾರದಲ್ಲಿ ವಿಷಗಾಳಿ ಸೋರಿದ ದಿನ, ಒಳಗಿನಿಂದ ತೆರೆಯಲಾಗದ ಬಾಗಿಲನ್ನು ಹೊರಗಿನಿಂದ ಹಿಡಿದು ನಿಂತು, ಕತ್ತಲೆಯಲ್ಲಿದ್ದ ಮೂವರು ಹೊರಬರುವ ತನಕ ಕೂಗಿ ದಾರಿ ತೋರಿದ ಇವರ ಔದಾರ್ಯಕ್ಕೆ." ಕೆಳಗೆ ಯಾರ ಹೆಸರೂ ಇಲ್ಲ, ಹಾಕಿಸಿದವರದೂ ಇಲ್ಲ, ಕೆತ್ತಿದವನದೂ ಇಲ್ಲ. ಬೆಳಗಿನ ಪಾಳಿಯವರು ಒಳಗೆ ಹೋಗುವ ಮೊದಲು ನಿಂತು ಓದಿದರು. ಓದಲು ಬಾರದವರಿಗೆ ಇನ್ನೊಬ್ಬರು ಓದಿ ಹೇಳಿದರು. ದೊಡ್ಡಕ್ಕ ಹೆಸರಿನ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಮೇಷ್ಟ್ರು ದೂರದಲ್ಲಿ ನಿಂತು, ಅರ್ಕಾವತ್ತು ಸ್ವಲ್ಪ ಕೆಳಗೆ ಬಂತು ಕಣಯ್ಯ ಎಂದರು. ಎಂದವರು ಕನ್ನಡಕ ತೆಗೆದು ಆ ಕಡೆ ತಿರುಗಿದರು.

ಆಣೆಯನ್ನು ಮುರಿದು ಬಾ ಎಂದು ನಾನು ಹೇಳುವುದಿಲ್ಲ. ಆದರೆ ಮಗಳು ಕೇಳಿದಾಗ, ನಿಮ್ಮಪ್ಪ ಓಡಲಾಗದೆ ಸಿಕ್ಕಿಬಿದ್ದರು ಎಂದು ಇನ್ನು ಮೇಲೆ ಹೇಳಬೇಡ. ಓಡಿ ಪಾರಾಗಿದ್ದವರು ತಿರುಗಿ ಹೋದರು ಎಂದು ಹೇಳು. ಔದಾರ್ಯ ಎಂದರೇನು ಎಂದು ಶಾಲೆಯಲ್ಲಿ ಯಾರಾದರೂ ಕೇಳಿದರೆ ನಮ್ಮ ಮನೆಯ ಹುಡುಗಿ ತಡವರಿಸಬಾರದು.

ಮಗಳು ಚೆನ್ನಾಗಿ ಓದಲಿ. ನಿನ್ನ ಕೈಗೆ ಕತ್ತರಿ ಹಗುರಾಗಲಿ, ಕಣ್ಣಿಗೆ ಗೆರೆ ನೇರವಾಗಿ ಕಾಣಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅತ್ತಿಗೆ ನೆನೆಸಿಕೊಂಡಳು.

ಎಂದೆಂದಿಗೂ ನಿನ್ನ,
ಅಣ್ಣ

ಮರೆತ ಮಾತು: ಮರೆತದ್ದಲ್ಲ, ಕಾಗದ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಹೊರಗಿನವರೊಬ್ಬರ ಹೇಳಿಕೆ ಎಂದು ಮೇಲೆ ಬರೆದೆನಲ್ಲ, ಆ ಹೊರಗಿನವನು ನಾನೇ. ಅವಘಡಕ್ಕೆ ಹತ್ತು ದಿನ ಮೊದಲು ಭಾವ ನನ್ನ ಅಂಗಡಿಗೆ ಬಂದಿದ್ದರು. ಬಾಗಿಲಿನ ಒಳಹಿಡಿ ಮುರಿದಿದೆ, ಎರಡು ಸಲ ಬಾಯಲ್ಲಿ ಹೇಳಿದರೂ ಕೇಳುತ್ತಿಲ್ಲ, ಇನ್ಸ್‌ಪೆಕ್ಟರಿಗೆ ಒಂದು ಅರ್ಜಿ ಬರೆದುಕೊಡಿ, ನಿಮ್ಮ ಅಕ್ಷರ ನೋಡಿದರೆ ಓದುತ್ತಾರೆ ಎಂದರು. ಅರ್ಧ ಗಂಟೆಯ ಕೆಲಸ. ನನ್ನ ಕೈಯಲ್ಲಿ ಅವಸರದ ಒಂದು ಕಲ್ಲಿತ್ತು, ನಾಳೆ ಬನ್ನಿ ಭಾವ ಎಂದೆ. ಮರುದಿನವೂ ಬಂದು ಆ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದರು. ನಾನು ತಲೆ ಎತ್ತಲಿಲ್ಲ. ಎಷ್ಟು ಹೊತ್ತಿಗೆ ಎದ್ದು ಹೋದರೋ ನೋಡಲೂ ಇಲ್ಲ. ಮೂರನೆಯ ಸಲ ಬರಲಿಲ್ಲ. ಇನ್ಸ್‌ಪೆಕ್ಟರ ಮುಂದೆ ಇದನ್ನೆಲ್ಲ ನನ್ನ ಕೈಯಾರೆ ಬರೆದು ರುಜು ಹಾಕಿದ್ದೇನೆ, ವಿಚಾರಣೆಯಲ್ಲೂ ಎಲ್ಲರ ಎದುರಿಗೆ ಹೇಳುತ್ತೇನೆ. ನೀನು ಅದನ್ನು ಅಲ್ಲಿ ಬೇರೆಯವರ ನಡುವೆ ಕೂತು ಮೊದಲ ಸಲ ಕೇಳಬಾರದು. ಕ್ಷಮಿಸು ಎಂದು ಬರೆಯಲು ಮೂರು ಸಲ ಹೊರಟು ನಿಲ್ಲಿಸಿದೆ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ಅದಕ್ಕೇ ಕೇಳುತ್ತಿಲ್ಲ.